ಐಟಿಐ ಓದಿದ ಬಡವರ ಮನೆ ಮಕ್ಕಳು ತರಬೇತಿಗೆ ವಿದೇಶಕ್ಕೆ ಹೋಗುವುದು ಹೇಗೆ

ಎಂಜಿನಿಯರಿಂಗ್ ಮುಗಿಸಿದವರನ್ನು ವಿದೇಶಕ್ಕೆ ಕಳಿಸಲು ಊರೂರಲ್ಲಿ ಕನ್ಸಲ್ಟೆನ್ಸಿಗಳಿವೆ. ಐಟಿಐ ಮುಗಿಸಿದ ಹುಡುಗ ಅಥವಾ ಹುಡುಗಿ ಅದೇ ಪ್ರಶ್ನೆ ಕೇಳಿದರೆ ಸರಿಯಾಗಿ ಉತ್ತರ ಹೇಳುವವರು ಕಡಿಮೆ. ಸ್ಕಾಲರ್‌ಶಿಪ್ ಕಥೆಯೂ ಹಾಗೇ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇರುವುದು ಸ್ನಾತಕೋತ್ತರ ಪದವಿಗೆ ಮತ್ತು ಪಿಎಚ್‌.ಡಿ.ಗೆ. ನಮ್ಮ ರಾಜ್ಯದ ಪ್ರಬುದ್ಧ ಯೋಜನೆಯೂ ಪದವಿ, ಸ್ನಾತಕೋತ್ತರ ಪದವಿ ಓದುವವರಿಗೇ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ವೆಲ್ಡರ್ ಮಕ್ಕಳ ಹೆಸರು ಅಲ್ಲಿ ಇಲ್ಲ.

ಆದರೆ ದಾರಿಗಳು ಇವೆ. ನಾನು ಐಟಿಐಯಲ್ಲಿ ಪಾಠ ಮಾಡುವವನು. ನಮ್ಮ ಮಕ್ಕಳಿಗೆ ಕೈಕೆಲಸ ಬರುತ್ತದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಅವರು ಹಿಂದೆ ಉಳಿಯುವುದು ದಾಖಲೆಯಲ್ಲಿ, ಭಾಷೆಯಲ್ಲಿ, ಮತ್ತು ಏಜೆಂಟಿನ ಕೈಗೆ ಕೊಟ್ಟ ದುಡ್ಡಿನಲ್ಲಿ. ಈ ಮೂರನ್ನೂ ಐಟಿಐ ಮೊದಲ ವರ್ಷದಲ್ಲೇ ಹಿಡಿದುಕೊಂಡರೆ ಕೂಲಿ ಮಾಡುವವರ ಮನೆಯ ಮಕ್ಕಳೂ ಹೋಗಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲು ಹೆಸರು, ಆಮೇಲೆ ಪಾಸ್‌ಪೋರ್ಟ್

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಐಟಿಐ ದಾಖಲಾತಿ, ಬ್ಯಾಂಕ್ ಪಾಸ್‌ಬುಕ್. ಈ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಇಂಗ್ಲಿಷ್ ಕಾಗುಣಿತ ಒಂದೇ ಇದೆಯಾ? ಒಂದರಲ್ಲಿ ಮಂಜುನಾಥ ಬಿ.ಎಚ್., ಇನ್ನೊಂದರಲ್ಲಿ ಮಂಜುನಾಥ್ ಬಸಪ್ಪ, ಮತ್ತೊಂದರಲ್ಲಿ ಬರೀ ಮಂಜು ಅಂತ ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಹುಟ್ಟಿದ ತಾರೀಖೂ ಬೇರೆ ಇರುತ್ತದೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದು. ಊರಲ್ಲಿ ಇದರಿಂದ ಏನೂ ತೊಂದರೆ ಆಗುವುದಿಲ್ಲ. ವೀಸಾ ಅರ್ಜಿ ಹಾಕಿದ ದಿನ ತೊಂದರೆ ಶುರುವಾಗುತ್ತದೆ, ಆಗ ಸರಿಮಾಡಿಸಲು ಸಮಯ ಇರುವುದಿಲ್ಲ.

ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಹಾಗಾಗಿ ಇದನ್ನೇ ಮೊದಲು ಮಾಡಿ. ಆಧಾರ್‌ನಲ್ಲಿ ಹೆಸರನ್ನು ಬದಲಾಯಿಸಲು ಎರಡೇ ಸಲ ಅವಕಾಶ, ಹುಟ್ಟಿದ ತಾರೀಖಿಗೆ ಒಂದೇ ಸಲ. ಅದಕ್ಕೇ ಎಸ್ಸೆಸ್ಸೆಲ್ಸಿ ಕಾರ್ಡು ಸರಿಯಾದ ಮೇಲೆ ಅದನ್ನು ನೋಡಿಕೊಂಡು ಆಧಾರ್ ಸರಿಮಾಡಿಸಿ. ಉಲ್ಟಾ ಮಾಡಲು ಹೋಗಬೇಡಿ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕು. ಇನ್ನೊಂದು ವಿಷಯ, ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ನಮ್ಮ ಎಷ್ಟೋ ಮನೆಗಳಲ್ಲಿ ಮನೆತನದ ಹೆಸರು ಬಳಸುವ ರೂಢಿ ಇಲ್ಲ, ಅಪ್ಪನ ಹೆಸರನ್ನೇ ಹಾಕಿದರೂ ನಡೆಯುತ್ತದೆ. ಒಂದೇ ಹೆಸರಿರುವ ಪಾಸ್‌ಪೋರ್ಟ್ ಹಿಡಿದು ಬಂದವರಿಗೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲೇ ಹೇಳಿದೆ. ಬೇರೆ ಕಡೆಯೂ ಫಾರಂ ತುಂಬುವಾಗ ಪ್ರತಿಸಲ ಗೊಂದಲ.

ಮಾಮೂಲಿ 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, 10 ವರ್ಷ ನಡೆಯುತ್ತದೆ. ಅರ್ಜಿಯನ್ನು ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಹಾಕಿ. ಮಧ್ಯೆ ಯಾರಿಗೂ ದುಡ್ಡು ಕೊಡುವುದು ಬೇಕಿಲ್ಲ, ಮೊಬೈಲಲ್ಲಿ ಕಷ್ಟವಾದರೆ ಐಟಿಐನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಹಾಕಿ. ಬೆಂಗಳೂರಿಗೆ ಬರುವುದೂ ಬೇಡ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೊಡುವ ವ್ಯವಸ್ಥೆ 2017ರ ಜನವರಿಯಲ್ಲಿ ಶುರುವಾದದ್ದೇ ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ಈಗ ರಾಜ್ಯದ ಎಷ್ಟೋ ಊರುಗಳ ಅಂಚೆ ಕಚೇರಿಯಲ್ಲಿ ಇದೆ. ಹಾಸ್ಟೆಲಿನಲ್ಲಿ ಇರುವವರು ಒಂದು ಮಾತು ನೆನಪಿಡಿ, ನೀವು ಕೊಟ್ಟ ವಿಳಾಸಕ್ಕೆ ಪೊಲೀಸರು ಬರುತ್ತಾರೆ. ಆ ಹೊತ್ತಿಗೆ ಅಲ್ಲಿ ನೀವಿರಬೇಕು.

ಎಂಟನೇ ಕ್ಲಾಸಿನ ಮೇಲೆ ವೆಲ್ಡರ್‌ನಂಥ ಟ್ರೇಡಿಗೆ ಸೇರಿದವರಿಗೆ ಇನ್ನೊಂದು ತೊಡಕಿದೆ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು ಅಂತ ಬೀಳುತ್ತದೆ. ಆಗ ಕೊಲ್ಲಿ ದೇಶಗಳೂ ಸೇರಿ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕು. ಅದು ಇರುವುದು ನಿಮ್ಮ ರಕ್ಷಣೆಗೆ, ಅದನ್ನು ತಪ್ಪಿಸಿ ಕಳಿಸುತ್ತೇನೆ ಅನ್ನುವವನ ಹತ್ತಿರ ಹೋಗಬೇಡಿ. ಆದರೆ ಸಾಧ್ಯವಿದ್ದರೆ ಕೇಂದ್ರದ ಮುಕ್ತ ಶಾಲೆ ಎನ್‌ಐಓಎಸ್ ಮೂಲಕ ಹತ್ತನೇ ಕ್ಲಾಸ್ ಮುಗಿಸಿಕೊಳ್ಳಿ. ಹತ್ತು ಪಾಸಾಗಿ 2 ವರ್ಷದ ಐಟಿಐ ಮಾಡಿದವರು ಅದೇ ಎನ್‌ಐಓಎಸ್‌ನಲ್ಲಿ ಭಾಷೆ ಸೇರಿ ಕೆಲವೇ ವಿಷಯ ಬರೆದು 12ನೇ ತರಗತಿಯ ಸರ್ಟಿಫಿಕೇಟ್ ಪಡೆಯಬಹುದು. ಜರ್ಮನಿಯ ಕಂಪನಿಗಳು ಅರ್ಜಿ ನೋಡುವಾಗ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಯಾರಿಗೆ ಯಾವ ದಾರಿ

22 ವರ್ಷದ ಒಳಗಿದ್ದೀರಾ, ಕೈ ಚುರುಕಾಗಿದೆಯಾ? ಹಾಗಾದರೆ ಸ್ಪರ್ಧೆಯಿಂದ ಶುರುಮಾಡಿ. ಇಂಡಿಯಾ ಸ್ಕಿಲ್ಸ್‌ಗೆ ಸ್ಕಿಲ್ ಇಂಡಿಯಾ ಡಿಜಿಟಲ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ರಾಜ್ಯ ಮಟ್ಟ ದಾಟಿ, ರಾಷ್ಟ್ರ ಮಟ್ಟದಲ್ಲಿ ಗೆದ್ದವರಿಂದ ವರ್ಲ್ಡ್ ಸ್ಕಿಲ್ಸ್ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧೆಗೆ ತಂಡ ಆರಿಸುತ್ತಾರೆ. ಹೆಚ್ಚಿನ ಟ್ರೇಡುಗಳಿಗೆ ವಯಸ್ಸಿನ ಮಿತಿ 22, ಮೆಕಾಟ್ರಾನಿಕ್ಸ್‌ನಂಥ ಕೆಲವಕ್ಕೆ 25. ಫ್ರಾನ್ಸಿನ ಲಿಯಾನ್‌ನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ನಡೆದದ್ದರಲ್ಲಿ ಭಾರತಕ್ಕೆ 4 ಕಂಚು ಬಂತು. ಮುಂದಿನದು 2026ರಲ್ಲಿ ಶಾಂಘೈಗೆ ನಿಗದಿ. ಭಾರತ ತಂಡಕ್ಕೆ ಆಯ್ಕೆಯಾದರೆ ತರಬೇತಿ, ಪ್ರಯಾಣ ಎಲ್ಲ ಸರ್ಕಾರದ ಖರ್ಚು. ಬಡ ಮಕ್ಕಳಿಗೆ ಇಷ್ಟು ನ್ಯಾಯವಾದ ದಾರಿ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಇಲ್ಲಿ ಯಾರೂ ನಿಮ್ಮ ಇಂಗ್ಲಿಷ್ ನೋಡುವುದಿಲ್ಲ, ನೀವು ಮಾಡಿದ ಜಾಬ್ ಅನ್ನು ಅಳೆದು ನೋಡುತ್ತಾರೆ.

ತಯಾರಿಗೆ ಕೋಚಿಂಗ್ ಹುಡುಕಿಕೊಂಡು ಹೋಗಬೇಡಿ. ಪ್ರತಿ ಟ್ರೇಡಿನಲ್ಲಿ ಏನೇನು ಪರೀಕ್ಷಿಸುತ್ತಾರೆ ಅನ್ನುವ ವಿವರ, ಹಿಂದಿನ ಸ್ಪರ್ಧೆಗಳ ಪ್ರಶ್ನೆಗಳು, ಡ್ರಾಯಿಂಗ್‌ಗಳು ವರ್ಲ್ಡ್ ಸ್ಕಿಲ್ಸ್ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಿಂಟ್ ತೆಗೆಸಿ, ವರ್ಕ್‌ಶಾಪಿನಲ್ಲಿ ಗಡಿಯಾರ ಇಟ್ಟುಕೊಂಡು ಮಾಡಿ. ರಾಜ್ಯ ಮಟ್ಟದಲ್ಲಿ ಸೋತರೂ ಆ ಅಭ್ಯಾಸ ಹಾಳಾಗುವುದಿಲ್ಲ, ಮುಂದೆ ಜಪಾನಿನ ಇಂಟರ್‌ವ್ಯೂನಲ್ಲೂ ಕೈಹಿಡಿಯುತ್ತದೆ.

ಮನೆಯಲ್ಲಿ ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸುತ್ತಿರುವ ತಮ್ಮ, ತಂಗಿ ಇದ್ದರೆ ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಗೆ ಅರ್ಜಿ ಹಾಕಿಸಿ. 2007ರಿಂದ ಇದೆ. ಹಳ್ಳಿಯ ಬಡ ಮನೆಯ ಮಕ್ಕಳಿಗೆ ಅಂತಲೇ ಶುರುವಾದದ್ದು, ಮೂರು ವರ್ಷ ಊಟ ವಸತಿ ಸಮೇತ. ಭಾರತ-ಜಪಾನ್ ಒಪ್ಪಂದದ ಮೇಲೆ 2017ರಲ್ಲಿ ಶುರುವಾದ ಮೊದಲ ತರಬೇತಿ ಕೇಂದ್ರಗಳಲ್ಲಿ ಅದೂ ಒಂದು. ಜರ್ಮನಿಯ ಸಹಕಾರದಲ್ಲಿ ರಾಜ್ಯ ಸರ್ಕಾರ ಕಟ್ಟಿದ ಕೆಜಿಟಿಟಿಐ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿ, ಬೆಳಗಾವಿಯಲ್ಲಿ ಇದೆ, ಅದನ್ನೂ ವಿಚಾರಿಸಿ. ಆ ದೇಶಗಳಲ್ಲಿ ವರ್ಕ್‌ಶಾಪ್ ಹೇಗೆ ನಡೆಯುತ್ತದೆ ಅನ್ನುವುದು ಇಲ್ಲೇ ಅಭ್ಯಾಸವಾಗುತ್ತದೆ.

ಜಪಾನ್

ಐಟಿಐ ಮಕ್ಕಳಿಗೆ ಹತ್ತಿರದ ದಾರಿ ಇದು. ಎರಡು ಬಾಗಿಲುಗಳಿವೆ. ಒಂದು ಟೆಕ್ನಿಕಲ್ ಇಂಟರ್ನ್ ಟ್ರೇನಿಂಗ್, ಭಾರತ ಇದಕ್ಕೆ 2017ರ ಅಕ್ಟೋಬರ್‌ನಲ್ಲಿ ಸಹಿ ಹಾಕಿತು. ಕೇಂದ್ರದ ಕೌಶಲ್ಯ ಅಭಿವೃದ್ಧಿ ನಿಗಮ, ಎನ್‌ಎಸ್‌ಡಿಸಿ, ನೋಡಿಕೊಳ್ಳುತ್ತದೆ, ಅದು ಒಪ್ಪಿದ ಸಂಸ್ಥೆಗಳೇ ಮಕ್ಕಳನ್ನು ಕಳಿಸಬೇಕು. ಮೂರು ವರ್ಷ, ಮುಂದುವರಿದರೆ ಐದು. ಇನ್ನೊಂದು ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್ ವೀಸಾ, ಭಾರತದ ಜೊತೆ 2021ರ ಜನವರಿಯಲ್ಲಿ ಒಪ್ಪಂದವಾಯಿತು. ಇದಕ್ಕೆ ಕೆಲಸದ ಪರೀಕ್ಷೆ ಒಂದು, ಭಾಷೆಯ ಪರೀಕ್ಷೆ ಒಂದು. ಭಾಷೆಗೆ ಜೆಎಲ್‌ಪಿಟಿ ಅನ್ನುವ ಜಪಾನೀಸ್ ಪರೀಕ್ಷೆಯ ಎನ್4 ಮಟ್ಟ (ಮೊದಲ ಮಟ್ಟ ಎನ್5, ಅದರ ಮೇಲಿನದು ಎನ್4) ಅಥವಾ ಜೆಎಫ್‌ಟಿ ಬೇಸಿಕ್ ಪರೀಕ್ಷೆ ಸಾಕು. ಎಲ್ಲ ಕೆಲಸಗಳ ಪರೀಕ್ಷೆ ಭಾರತದಲ್ಲಿ ನಡೆಯುವುದಿಲ್ಲ, ನಿಮ್ಮ ಟ್ರೇಡಿಗೆ ಹತ್ತಿರವಾದದ್ದು ಇಲ್ಲಿ ಇದೆಯಾ ಅಂತ ಮೊದಲು ನೋಡಿ ಆಮೇಲೆ ಓದಲು ಶುರುಮಾಡಿ. ಮೊದಲ ದಾರಿಯಲ್ಲಿ ಹೋಗಿ ಮೂರು ವರ್ಷ ಚೆನ್ನಾಗಿ ಮುಗಿಸಿದವರು ಅದೇ ಕೆಲಸದಲ್ಲಿ ಎರಡನೇ ವೀಸಾಕ್ಕೆ ಪರೀಕ್ಷೆ ಇಲ್ಲದೆ ಬದಲಾಗಬಹುದು.

ಇಲ್ಲೊಂದು ಬದಲಾವಣೆ ಬರುತ್ತಿದೆ. ಇಂಟರ್ನ್ ಪದ್ಧತಿಯಲ್ಲಿ ಕಂಪನಿ ಹೇಗೇ ಇರಲಿ ಬಿಟ್ಟು ಬೇರೆ ಕಡೆ ಸೇರುವ ಹಾಗಿರಲಿಲ್ಲ, ಅದರಿಂದ ಎಷ್ಟೋ ದೇಶದ ಮಕ್ಕಳು ಕಷ್ಟಪಟ್ಟಿದ್ದಾರೆ. ಜಪಾನ್ 2024ರ ಜೂನ್‌ನಲ್ಲಿ ಹೊಸ ಕಾನೂನು ಮಾಡಿ, 2027ರ ಏಪ್ರಿಲ್‌ನಿಂದ ಹಳೆಯದರ ಬದಲು ಬೇರೆ ಪದ್ಧತಿ ತರುತ್ತಿದೆ. ಅದರಲ್ಲಿ ಕೆಲವು ಷರತ್ತುಗಳ ಮೇಲೆ ಕಂಪನಿ ಬದಲಾಯಿಸಬಹುದು. ಈಗ ತಯಾರಿ ಶುರುಮಾಡುವವರು ಕಳಿಸುವ ಸಂಸ್ಥೆಯವರನ್ನು ನೇರವಾಗಿ ಕೇಳಿ: ನನ್ನನ್ನು ಯಾವ ಪದ್ಧತಿಯಲ್ಲಿ ಕಳಿಸುತ್ತೀರಿ? ತಡವರಿಸಿದರೆ ಅವರಿಗೇ ಗೊತ್ತಿಲ್ಲ ಅಂತ ತಿಳಿಯಿರಿ.

ಒಪ್ಪಂದ ಪತ್ರದಲ್ಲಿ ಗಂಟೆಗೆ ಎಷ್ಟು ಯೆನ್ ಅಂತ ನೋಡಿ. ಜಪಾನಿನಲ್ಲಿ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಕನಿಷ್ಠ ಕೂಲಿ. 2024ರಲ್ಲಿ ಇಡೀ ದೇಶದ ಸರಾಸರಿ ಗಂಟೆಗೆ 1,055 ಯೆನ್ ಇತ್ತು, ಪ್ರತಿ ವರ್ಷ ಏರುತ್ತದೆ. ಟೋಕಿಯೊದಲ್ಲಿ ಜಾಸ್ತಿ, ಹಳ್ಳಿ ಕಡೆ ಕಡಿಮೆ. ನಿಮ್ಮ ಪ್ರಾಂತ್ಯದ ದರಕ್ಕಿಂತ ಒಂದು ಯೆನ್ ಕಡಿಮೆ ಇದ್ದರೂ ಸಹಿ ಹಾಕಬೇಡಿ. ಕೈಗೆ ಬರುವುದು ಬೇರೆ ಲೆಕ್ಕ. ಬಾಡಿಗೆ, ಆರೋಗ್ಯ ವಿಮೆ, ಪಿಂಚಣಿ, ತೆರಿಗೆ ಎಲ್ಲ ಹೋದ ಮೇಲೆ ಉಳಿಯುವುದೆಷ್ಟು ಅಂತ ಬರೆಸಿಕೊಳ್ಳಿ, ಆ ಹಾಳೆಯನ್ನು ಮನೆಯಲ್ಲಿ ಅಮ್ಮನಿಗೂ ಓದಿ ಹೇಳಿ. ಮಧ್ಯದಲ್ಲಿ ಬಿಟ್ಟರೆ ಇಷ್ಟು ದಂಡ, ಮೊದಲೇ ಇಷ್ಟು ಠೇವಣಿ ಅಂತ ಇಂಟರ್ನ್‌ಗಳಿಂದ ಬರೆಸಿಕೊಳ್ಳುವುದು ಜಪಾನಿನ ಕಾನೂನಿನಲ್ಲೇ ತಪ್ಪು. ಅಂಥ ಹಾಳೆ ಕಂಡರೆ ಎದ್ದು ಬನ್ನಿ.

ಜರ್ಮನಿ

ಆಸ್‌ಬಿಲ್ಡುಂಗ್ ಅನ್ನುವ ಹೆಸರು ಈಗ ಎಲ್ಲ ಕಡೆ ಕೇಳುತ್ತಿದೆ. ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ ಕೆಲಸ, ಕೆಲವು ದಿನ ವೃತ್ತಿ ಶಾಲೆಯಲ್ಲಿ ಪಾಠ, ಎರಡರಿಂದ ಮೂರೂವರೆ ವರ್ಷ. ಕಂಪನಿ ತಿಂಗಳು ತಿಂಗಳು ಭತ್ಯೆ ಕೊಡುತ್ತದೆ, 2025ರಲ್ಲಿ ಸೇರಿದವರಿಗೆ ಮೊದಲ ವರ್ಷ ಕಾನೂನಿನ ಪ್ರಕಾರ ಕನಿಷ್ಠ 682 ಯೂರೊ. ಇದು ಕಡಿತಕ್ಕೆ ಮೊದಲಿನ ಮೊತ್ತ. ಅಲ್ಲಿನ ಬಾಡಿಗೆ, ಊಟಕ್ಕೆ ಅದು ಸಾಲದೆ ಹೋದರೆ ಉಳಿದದ್ದಕ್ಕೆ ನಿಮ್ಮ ಹತ್ತಿರ ದುಡ್ಡಿದೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ತೆಗೆಯಲು ಬಿಡುವ ಖಾತೆಯಲ್ಲಿ, ಇಟ್ಟು ತೋರಿಸಬೇಕಾಗುತ್ತದೆ. ಬಡ ಮನೆಯವರು ಎಡವುವುದು ಇಲ್ಲೇ. ಹಾಗಾಗಿ ಹುಡುಕುವಾಗಲೇ ಭತ್ಯೆ ಜಾಸ್ತಿ ಕೊಡುವ, ಇರಲು ಜಾಗ ಕೊಡುವ ಕಂಪನಿಗಳನ್ನು ಹುಡುಕಿ. ದೊಡ್ಡ ನಗರ ಬಿಟ್ಟು ಸಣ್ಣ ಊರುಗಳನ್ನು ನೋಡಿ, ಬಾಡಿಗೆ ಕಡಿಮೆ, ಅಲ್ಲಿನ ಕಂಪನಿಗಳಿಗೆ ಹುಡುಗರೂ ಬೇಕಾಗಿದ್ದಾರೆ. 2024ರ ಮಾರ್ಚ್‌ನಿಂದ ಆಸ್‌ಬಿಲ್ಡುಂಗ್ ಮಾಡುವವರು ಪಕ್ಕದಲ್ಲಿ ವಾರಕ್ಕೆ 20 ಗಂಟೆ ಬೇರೆ ಕೆಲಸ ಮಾಡಬಹುದು, ಅದೂ ಸ್ವಲ್ಪ ಆಸರೆ. ಆದರೆ ಮೊದಲ ವರ್ಷ ಭಾಷೆಗೇ ಸಮಯ ಸಾಲುವುದಿಲ್ಲ, ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಕಂಪನಿ ಮೂಲಕ ಮಾಡುವ ಆಸ್‌ಬಿಲ್ಡುಂಗ್‌ಗೆ ಫೀಸು ಇಲ್ಲ. ಸೀಟು ಕೊಡಿಸುತ್ತೇನೆ, ನಾಲ್ಕು ಲಕ್ಷ ಕೊಡು ಅನ್ನುವವರು ಇಲ್ಲದ ವಸ್ತುವನ್ನು ಮಾರುತ್ತಿದ್ದಾರೆ. ಖಾಲಿ ಜಾಗಗಳ ಪಟ್ಟಿ ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯ ವೆಬ್‌ಸೈಟಿನಲ್ಲೇ ಇರುತ್ತದೆ, ಮೇಕ್ ಇಟ್ ಇನ್ ಜರ್ಮನಿ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ನಿಯಮಗಳು ಇಂಗ್ಲಿಷಿನಲ್ಲಿವೆ. ತರಬೇತಿ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಶುರು. ಅರ್ಜಿಯನ್ನು ಅದಕ್ಕೆ ಒಂದು ವರ್ಷ ಮೊದಲೇ ಹಾಕಬೇಕು.

ಐಟಿಐ ಮುಗಿಸಿ ಕೆಲಸ ಮಾಡುತ್ತಿರುವವರಿಗೆ ಇನ್ನೊಂದು ಕಿಟಕಿ ತೆರೆದಿದೆ. ಸರ್ಕಾರ ಮಾನ್ಯ ಮಾಡಿದ, ಕನಿಷ್ಠ 2 ವರ್ಷದ ವೃತ್ತಿ ತರಬೇತಿ, ಅದರ ಜೊತೆ ಕೆಲಸದ ಅನುಭವ, ಮತ್ತು ಒಂದು ಮಟ್ಟಕ್ಕಿಂತ ಜಾಸ್ತಿ ಸಂಬಳ ಕೊಡಲು ಒಪ್ಪಿದ ಜರ್ಮನ್ ಕಂಪನಿ. ಇಷ್ಟಿದ್ದರೆ 2024ರಿಂದ ನೇರ ಕೆಲಸದ ವೀಸಾ ಕೇಳಬಹುದು. ಫಿಟ್ಟರ್, ಎಲೆಕ್ಟ್ರಿಷಿಯನ್ 2 ವರ್ಷದ ಟ್ರೇಡು. ವೆಲ್ಡರ್ ಒಂದೇ ವರ್ಷದ್ದು, ಅವರಿಗೆ ಈ ದಾರಿ ಸಿಗುವುದು ಕಷ್ಟ. ಅದಕ್ಕೇ ಟ್ರೇಡು ಆರಿಸುವಾಗಲೇ ಇದನ್ನು ಮಕ್ಕಳಿಗೆ ಹೇಳಬೇಕು. ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಅಂತ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಅವಕಾಶ ಇದೆ. ಆದರೆ ಅದು ಭಾಷೆ ಬಲ್ಲವರಿಗೆ.

ಭಾಷೆ: ಇಲ್ಲಿ ಅಡ್ಡದಾರಿ ಇಲ್ಲ

ಕನ್ನಡ ಮೀಡಿಯಂ ಮಕ್ಕಳು ನನ್ನ ಹತ್ತಿರ ಬಂದು, ಸರ್, ನಮಗೆ ಇಂಗ್ಲಿಷೇ ಬರಲ್ಲ, ಜಪಾನೀಸ್ ಹೇಗೆ ಬರುತ್ತೆ ಅಂತಾರೆ. ಜಪಾನೀಸ್ ಕಲಿಯಲು ಇಂಗ್ಲಿಷ್ ಬೇಕಿಲ್ಲ. ಆ ಭಾಷೆಯ ವಾಕ್ಯ ನಮ್ಮ ವಾಕ್ಯದ ಹಾಗೇ ನಡೆಯುತ್ತದೆ. ನಾನು ಅನ್ನ ತಿನ್ನುತ್ತೇನೆ ಅನ್ನುವಾಗ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ, ಅಲ್ಲೂ ಹಾಗೇ. ನಮ್ಮಲ್ಲಿ ಅನ್ನು, ಗೆ, ಇಂದ, ಅಲ್ಲಿ ಅಂತ ಪದದ ಹಿಂದೆ ಅಂಟುವುದಕ್ಕೆ ಸಮನಾದದ್ದು ಅಲ್ಲೂ ಪದದ ಹಿಂದೆಯೇ ಬರುತ್ತದೆ. ಇಂಗ್ಲಿಷ್ ಮೂಲಕ ಸುತ್ತಿ ಬರುವುದಕ್ಕಿಂತ ಕನ್ನಡದಿಂದ ನೇರವಾಗಿ ಕಲಿತರೆ ಬೇಗ ಹತ್ತುತ್ತದೆ. ಕಷ್ಟ ಇರುವುದು ಲಿಪಿಯಲ್ಲಿ. ಹಿರಗಾನ, ಕತಕಾನ ಎರಡನ್ನೂ ದಿನಕ್ಕೆ ಐದೈದು ಅಕ್ಷರದಂತೆ ಬರೆದು ತಿದ್ದಿ, ಆಮೇಲೆ ಕಾಂಜಿ ಅನ್ನುವ ಚಿತ್ರಾಕ್ಷರಗಳಿಗೆ ಹೋಗಿ. ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಐಟಿಐ ಮೊದಲ ವರ್ಷ ಎನ್5, ಎರಡನೇ ವರ್ಷ ಎನ್4. ಆಗುತ್ತದೆ.

ಜರ್ಮನ್‌ಗೆ ಬಿ1 ಮಟ್ಟ ಬೇಕು, ಎ1, ಎ2 ಆದ ಮೇಲಿನ ಮೂರನೇ ಮೆಟ್ಟಿಲು. ಶೂನ್ಯದಿಂದ ಬಿ1ಗೆ 45 ನಿಮಿಷದ 350ರಿಂದ 650 ಪಾಠ ಬೇಕು ಅನ್ನುವುದು ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಥೆ ಇನ್‌ಸ್ಟಿಟ್ಯೂಟಿನ ಅಂದಾಜು. ಮೂರು ತಿಂಗಳಲ್ಲಿ ಬಿ1 ಗ್ಯಾರಂಟಿ ಅನ್ನುವ ಬೋರ್ಡು ಕಂಡರೆ ಈ ಲೆಕ್ಕ ನೆನಪಿಸಿಕೊಳ್ಳಿ. ಕ್ಲಾಸಿಗೆ ದುಡ್ಡು ಇಲ್ಲದವರು ಎ1ವರೆಗೆ ಉಚಿತವಾಗಿ ಸಿಗುವ ಆನ್‌ಲೈನ್ ಪಾಠಗಳಿಂದ ಕಲಿತು, ಎ2, ಬಿ1ಗೆ ಮಾತ್ರ ಕ್ಲಾಸಿಗೆ ಸೇರಿ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲೆಯ ಉಚಿತ ಪಾಠಗಳು ಚೆನ್ನಾಗಿವೆ. ಮಾತಾಡಲು ಜೊತೆ ಬೇಕು, ಇಬ್ಬರು ಮೂವರು ಸೇರಿ ಕಲಿಯಿರಿ. ನಿಮ್ಮ ಟ್ರೇಡಿನ ಉಪಕರಣಗಳ ಹೆಸರನ್ನು ಮೊದಲ ದಿನದಿಂದಲೇ ಆ ಭಾಷೆಯಲ್ಲಿ ಬರೆದು ವರ್ಕ್‌ಶಾಪಿನ ಗೋಡೆಗೆ ಅಂಟಿಸಿ. ಸ್ಪ್ಯಾನರ್, ಫೈಲ್, ವರ್ನಿಯರ್, ಅಪಾಯ, ನಿಲ್ಲಿಸು. ಅಲ್ಲಿ ಮೊದಲ ವಾರ ಬೇಕಾಗುವುದು ಇವೇ.

ದುಡ್ಡು, ಏಜೆಂಟು

ಇದು ಮನೆಯವರು ಓದಬೇಕಾದ ಭಾಗ. ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಇಮೈಗ್ರೇಟ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಪಟ್ಟಿ ಇದೆ. ನೋಂದಾಯಿತ ಏಜೆಂಟು ಕೂಡ ನಿಮ್ಮಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ, ಅದಕ್ಕೂ ರಸೀದಿ ಕೊಡಬೇಕು. ಇದು ಗೊತ್ತಿರುವ ಏಜೆಂಟರು ಉಳಿದ ದುಡ್ಡನ್ನು ತರಬೇತಿ ಫೀಸು, ಡಾಕ್ಯುಮೆಂಟೇಶನ್ ಅಂತ ಬೇರೆ ಹೆಸರಿನಲ್ಲಿ ಕೇಳುತ್ತಾರೆ. ಹಾಗಾಗಿ ಒಟ್ಟು ಎಷ್ಟು, ಯಾವುದಕ್ಕೆ ಎಷ್ಟು ಅಂತ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಬ್ಯಾಂಕ್ ಮೂಲಕವೇ ಕಟ್ಟಿ. ಕೈಗೆ ಕೊಟ್ಟ ದುಡ್ಡಿಗೆ ಸಾಕ್ಷಿ ಇಲ್ಲ.

ರಾಜ್ಯ ಸರ್ಕಾರದ್ದೇ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ, ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದಡಿ ಬರುತ್ತದೆ. ಯಾವ ಏಜೆಂಟಿಗಿಂತ ಮೊದಲು ಅಲ್ಲಿ ವಿಚಾರಿಸಿ.

ಜಮೀನು ಮಾರಬೇಡಿ. ಮೀಟರ್ ಬಡ್ಡಿ ಸಾಲ ಮಾಡಬೇಡಿ. ಸಂಘದ ಸಾಲ ತೆಗೆದು ಏಜೆಂಟಿಗೆ ಕೊಟ್ಟು ಅಮ್ಮಂದಿರು ವಾರವಾರ ಕಂತು ಕಟ್ಟುತ್ತಾ, ಮಗ ಇನ್ನೂ ಊರಲ್ಲೇ ಕಾಯುತ್ತಾ ಇರುವ ಮನೆಗಳನ್ನು ನಾನು ನೋಡಿದ್ದೇನೆ, ಆ ಮನೆಗಳಿಗಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಿಜವಾದ ಖರ್ಚುಗಳು ಪಾಸ್‌ಪೋರ್ಟ್, ಭಾಷೆಯ ಕ್ಲಾಸು, ಪರೀಕ್ಷೆ ಫೀಸು, ವೈದ್ಯಕೀಯ ತಪಾಸಣೆ, ವೀಸಾ, ಟಿಕೆಟ್. ಇವು ಒಂದೇ ದಿನ ಬರುವುದಿಲ್ಲ, ಎರಡು ವರ್ಷದಲ್ಲಿ ಹರಡಿಕೊಂಡು ಬರುತ್ತವೆ. ಅಪ್ರೆಂಟಿಸ್ ಭತ್ಯೆಯಿಂದ ತಿಂಗಳಿಗೆ ಸ್ವಲ್ಪ ತೆಗೆದಿಟ್ಟರೆ ಇದರಲ್ಲಿ ಬಹುಪಾಲು ಹೊಂದಿಸಬಹುದು.

ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಬದಲಾಯಿಸೋಣ ಅಂದರೆ ಹೋಗಬೇಡಿ. ಸೆಕ್ಯುರಿಟಿ ಕೆಲಸ ಅಂತ ನಂಬಿಸಿ ಕರೆದುಕೊಂಡು ಹೋದ ಕಲಬುರಗಿ ಕಡೆಯ ಹುಡುಗರು ರಷ್ಯಾದ ಯುದ್ಧಕ್ಕೆ ಸಿಕ್ಕಿಕೊಂಡದ್ದು 2024ರಲ್ಲಿ ನಾವೆಲ್ಲ ಓದಿದ್ದೇವೆ. ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಡೇಟಾ ಎಂಟ್ರಿ ಕೆಲಸ ಅಂತ ಹೋದವರನ್ನು ಕೂಡಿಹಾಕಿ ಸೈಬರ್ ವಂಚನೆ ಮಾಡಿಸಿದ್ದೂ ನಡೆದಿದೆ. ಅನುಮಾನ ಬಂದರೆ ಹೊರಡುವ ಮೊದಲೇ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ, 1800 11 3090, ಉಚಿತ. ವಿದೇಶದಲ್ಲಿ ಸಿಕ್ಕಿಬಿದ್ದರೆ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಮನೆಯವರು ಇಲ್ಲಿಂದಲೂ ಕೊಡಬಹುದು.

ಹೆಣ್ಣುಮಕ್ಕಳು, ಅಂಗವಿಕಲ ಮಕ್ಕಳು

ಹೆಣ್ಣುಮಕ್ಕಳ ವಿಷಯದಲ್ಲಿ ಹುಡುಗಿ ಒಪ್ಪಿದರೆ ಸಾಲದು, ಮನೆ ಒಪ್ಪಬೇಕು. ಮನೆಗೆ ಹೋಗಿ ಮಾತಾಡಿ. ಅಪ್ಪನ ಜೊತೆ ಮಾತ್ರ ಅಲ್ಲ, ಅಮ್ಮ, ಅಜ್ಜಿ, ಸೋದರಮಾವನ ಜೊತೆ. ಎಲ್ಲಿ ಇರುತ್ತಾಳೆ, ಕೋಣೆಯಲ್ಲಿ ಯಾರಿರುತ್ತಾರೆ, ರಾತ್ರಿ ಪಾಳಿ ಇದೆಯಾ, ಎಷ್ಟು ದಿನಕ್ಕೊಮ್ಮೆ ಫೋನ್. ಈ ಪ್ರಶ್ನೆಗಳು ನ್ಯಾಯವಾದವು, ಇವಕ್ಕೆ ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿ. ಮೊದಲೇ ಹೋಗಿಬಂದ ಹುಡುಗಿಯೊಬ್ಬಳ ಜೊತೆ ವಿಡಿಯೊ ಕಾಲ್ ಮಾಡಿಸಿದರೆ ಅಮ್ಮಂದಿರ ಅರ್ಧ ಭಯ ಹೋಗುತ್ತದೆ.

ಅಂಗವಿಕಲ ಮಕ್ಕಳಿಗೆ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮೊದಲು ಮಾಡಿಸಿ. ಅವರಿಗಾಗಿಯೇ ಅಬಿಲಿಂಪಿಕ್ಸ್ ಅನ್ನುವ ಅಂತರರಾಷ್ಟ್ರೀಯ ಕೌಶಲ ಸ್ಪರ್ಧೆ ಇದೆ. 2003ರಲ್ಲಿ ದೆಹಲಿಯಲ್ಲೇ ನಡೆದಿತ್ತು, 2023ರಲ್ಲಿ ಫ್ರಾನ್ಸಿನ ಮೆಟ್ಜ್‌ನಲ್ಲಿ. ನಮ್ಮ ಐಟಿಐಗಳಲ್ಲಿ ಇದರ ಹೆಸರನ್ನೇ ಎಷ್ಟೋ ಜನ ಕೇಳಿಲ್ಲ, ಅದು ನನಗೆ ಬಹಳ ಬೇಸರದ ವಿಷಯ. ಜೆಎಲ್‌ಪಿಟಿಯಲ್ಲೂ ಗೋಥೆ ಪರೀಕ್ಷೆಯಲ್ಲೂ ಅಂಗವಿಕಲರಿಗೆ ಹೆಚ್ಚಿನ ಸಮಯದಂಥ ಅನುಕೂಲ ಕೇಳಬಹುದು. ಆದರೆ ನೋಂದಣಿ ಮಾಡುವಾಗಲೇ ಕೇಳಬೇಕು, ಪರೀಕ್ಷೆಯ ದಿನ ಹೇಳಿದರೆ ಆಗುವುದಿಲ್ಲ.

ಐಟಿಐಯಲ್ಲಿ ಪಾಠ ಮಾಡುವವರು ಏನು ಮಾಡಬೇಕು

ಯುರೋಪಿನಲ್ಲಿ ಎರಾಸ್ಮಸ್ ಪ್ಲಸ್ ಅನ್ನುವ ಕಾರ್ಯಕ್ರಮ ಇದೆ. ವೃತ್ತಿ ಶಿಕ್ಷಣದ ಮಕ್ಕಳು 10ರಿಂದ 89 ದಿನ, ಬೇಕಾದರೆ 90 ದಿನದಿಂದ ಒಂದು ವರ್ಷ ಇನ್ನೊಂದು ದೇಶದಲ್ಲಿ ಕಲಿಯಬಹುದು. ಬಡತನ, ಅಂಗವೈಕಲ್ಯ, ಹಳ್ಳಿಗಾಡಿನ ದೂರ, ತಾರತಮ್ಯ ಇಂಥವುಗಳಿಂದ ಹಿಂದುಳಿದವರಿಗೆ ಬರೀ 2 ದಿನದ ಭೇಟಿಗೂ ಅವಕಾಶ ಇದೆ, ಮೊದಲ ಸಲ ಮನೆ ಬಿಡುವವರಿಗೆ ಅಷ್ಟೇ ದೊಡ್ಡದು ಅಂತ ಅವರಿಗೆ ಗೊತ್ತು. ಅಂಥವರ ಜೊತೆ ಒಬ್ಬ ಶಿಕ್ಷಕ ಹೋಗಬಹುದು, ಅದಕ್ಕೂ ದುಡ್ಡು ಕೊಡುತ್ತಾರೆ. ಹೊರಡುವ ಮೊದಲು ಏನು ಕಲಿಯಬೇಕು ಅಂತ ಕಳಿಸುವ ಶಾಲೆ, ಕರೆಸಿಕೊಳ್ಳುವ ಕಂಪನಿ, ವಿದ್ಯಾರ್ಥಿ ಮೂವರೂ ಸಹಿ ಹಾಕುತ್ತಾರೆ. ನಮ್ಮ ಮಕ್ಕಳಿಗೂ ಇಂಥದ್ದು ಬರಬೇಕು, ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ನಾವು ಅದರ ರೀತಿಯನ್ನು ಅನುಸರಿಸಬಹುದು.

ಮಾಹಿತಿ ಎಲ್ಲರಿಗೂ ಮುಟ್ಟಲಿ. ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ಸುಮ್ನೆ ಕೂತರೆ ಫೋನಿಲ್ಲದ ಹುಡುಗನಿಗೆ ಗೊತ್ತಾಗುವುದೇ ಇಲ್ಲ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೂ ಹೋಗಿ ಹೇಳಿ. ಕ್ಲಾಸಿನ ಜಾಣರನ್ನು ಮಾತ್ರ ಕರೆಯಬೇಡಿ. ವಾರಕ್ಕೆ ಒಂದು ಗಂಟೆ ದಾಖಲೆಗೆ ಮೀಸಲಿಡಿ, ಆ ಗಂಟೆ ಯಾರು ಬೇಕಾದರೂ ಬಂದು ಅರ್ಜಿ ತುಂಬಲಿ. ಹೋದವರ ಜೊತೆ ಮೊದಲ ಆರು ತಿಂಗಳು ನೀವೇ ಫೋನ್ ಮಾಡಿ ಮಾತಾಡಿ. ಮನೆಗೆ ಹೇಳಿಕೊಳ್ಳಲಾಗದ್ದನ್ನು ಮಕ್ಕಳು ಮೇಷ್ಟ್ರಿಗೆ ಹೇಳುತ್ತಾರೆ.

ಹೊರಟ ಮೇಲೆ

ಮೊದಲ ಮೂರು ತಿಂಗಳು ಮನೆಗೆ ದುಡ್ಡು ಬರುವುದಿಲ್ಲ ಅಂತ ಮೊದಲೇ ಹೇಳಿ ಹೋಗಿ. ಅನ್ನ, ಸಾರು, ಪಲ್ಯ ಮಾಡಲು ಹುಡುಗರೂ ಕಲಿತು ಹೋಗಿ. ಸಸ್ಯಾಹಾರಿಗಳಿಗೆ ಜಪಾನಿನಲ್ಲಿ ಹೋಟೆಲ್ ಊಟ ಕಷ್ಟ, ತರಕಾರಿ ಸೂಪಿಗೂ ಮೀನಿನ ರಸ ಹಾಕಿರುತ್ತಾರೆ. ಪಾಸ್‌ಪೋರ್ಟನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ, ಇಂಟರ್ನ್‌ಗಳ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಜಪಾನಿನಲ್ಲಿ ಅಪರಾಧ. ಒಪ್ಪಂದ ಪತ್ರ, ವೀಸಾ, ಸರ್ಟಿಫಿಕೇಟುಗಳ ಒಂದು ಸೆಟ್ ಜೆರಾಕ್ಸ್ ಮನೆಯಲ್ಲಿ, ಒಂದು ಸೆಟ್ ಮೇಷ್ಟ್ರ ಹತ್ತಿರ, ಫೋಟೊ ಇಮೇಲ್‌ನಲ್ಲಿ ಇರಲಿ.

ಜರ್ಮನಿಯಲ್ಲಿ ಮೊದಲ ಒಂದರಿಂದ ನಾಲ್ಕು ತಿಂಗಳು ಪ್ರೊಬೇಷನ್ ಇರುತ್ತದೆ, ಆಗ ಎರಡೂ ಕಡೆಯವರು ಬಿಡಬಹುದು. ಹೊತ್ತಿಗೆ ಸರಿಯಾಗಿ ಹೋಗುವುದು, ಅರ್ಥವಾಗದಿದ್ದರೆ ಮತ್ತೆ ಕೇಳುವುದು, ಇವೆರಡೇ ಅಲ್ಲಿ ಕಾಪಾಡುತ್ತವೆ. ನಮ್ಮ ಮಕ್ಕಳು ಸಂಕೋಚಕ್ಕೆ ತಲೆಯಾಡಿಸಿ ಬಿಡುತ್ತಾರೆ, ಆಮೇಲೆ ತಪ್ಪು ಮಾಡುತ್ತಾರೆ. ಅರ್ಥವಾಗಲಿಲ್ಲ ಅನ್ನುವುದನ್ನು ಆ ಭಾಷೆಯಲ್ಲಿ ಬಾಯಿಪಾಠ ಮಾಡಿ ಹೋಗಿ. ವಾರವಾರ ಏನು ಕಲಿತೆ ಅಂತ ತರಬೇತಿ ಪುಸ್ತಕದಲ್ಲಿ ಬರೆಯಬೇಕು, ಅದು ಪೂರ್ತಿ ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ.

ವಾಪಸ್ ಬರುವಾಗ ಕೆಲಸದ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲೂ ಕೇಳಿ ಪಡೆಯಿರಿ, ಊರಿಗೆ ಬಂದ ಮೇಲೆ ತರಿಸುವುದು ಕಷ್ಟ. ಜಪಾನಿನಲ್ಲಿ ಸಂಬಳದಿಂದ ಕಡಿತವಾದ ಪಿಂಚಣಿ ಹಣದಲ್ಲಿ ಒಂದು ಭಾಗವನ್ನು ಒಟ್ಟಿಗೆ ವಾಪಸ್ ಕೇಳಬಹುದು. ಅರ್ಜಿಯನ್ನು ದೇಶ ಬಿಟ್ಟ 2 ವರ್ಷದೊಳಗೆ ಹಾಕಬೇಕು. ಆ ಪಿಂಚಣಿ ಪುಸ್ತಕ ಅಥವಾ ಸಂಖ್ಯೆಯ ಪತ್ರವನ್ನು ಅಲ್ಲೇ ಬಿಟ್ಟು ಬರಬೇಡಿ, ಭಾರತದ ಬ್ಯಾಂಕ್ ಖಾತೆಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ.